ಆ್ಯಪ್ ಬೇಡ ಅನ್ನುವ ಹಿರಿಯರು ಬ್ಯಾಂಕಿನಲ್ಲಿ ಕೆಲಸ ಮಾಡಿಸಿಕೊಳ್ಳುವುದು ಹೇಗೆ?

ಒಂದು ಮಂಗಳವಾರ ಬೆಳಿಗ್ಗೆ ಅಪ್ಪನ ಜೊತೆ ಬ್ಯಾಂಕಿಗೆ ಹೋಗಿದ್ದೆ. ಹನುಮಂತನಗರದ ನಮ್ಮ ಮನೆಯಿಂದ ನಿಧಾನಕ್ಕೆ ನಡೆದರೆ ಹತ್ತು ನಿಮಿಷ. ಅಪ್ಪನಿಗೆ 79, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಪಾಸ್‌ಬುಕ್ ಎಂಟ್ರಿ ಹಾಕಿಸಬೇಕಿತ್ತು, ಕೆವೈಸಿ, ಅಂದರೆ ಗ್ರಾಹಕರ ಗುರುತು ಮತ್ತು ವಿಳಾಸದ ದಾಖಲೆ, ಅದರ ಬಗ್ಗೆಯೂ ಕೇಳಬೇಕಿತ್ತು. ಕೌಂಟರಿನಲ್ಲಿದ್ದ ಹುಡುಗಿ ಮೂಲೆಯ ಮೆಷಿನ್ ಕಡೆ ಕೈ ತೋರಿಸಿದಳು. ಮೆಷಿನ್ ಪಾಸ್‌ಬುಕ್ಕನ್ನು ಒಳಗೆಳೆದುಕೊಂಡು, ಒಂದು ಗಳಿಗೆ ಗುರುಗುಟ್ಟಿ, ಹಾಗೇ ವಾಪಸ್ ತಳ್ಳಿತು. ಹಿಂಬದಿಗೆ ಅಂಟಿಸಿದ್ದ ಬಾರ್‌ಕೋಡ್ ಚೀಟಿ ಅಪ್ಪನ ಅಂಗಿ ಜೇಬಿನ ಬೆವರಿಗೆ ಮಾಸಿಹೋಗಿತ್ತು. ಮತ್ತೆ ಕೌಂಟರಿಗೆ ಬಂದರೆ, "ಸರ್, ಆ್ಯಪ್ ಹಾಕ್ಕೊಂಡ್ಬಿಡಿ, ಕೆವೈಸಿನೂ ಅದ್ರಲ್ಲೇ ಆಗುತ್ತೆ." ಅಪ್ಪ ಜೇಬಿನಿಂದ ಬಟನ್ ಫೋನ್ ತೆಗೆದು ತೋರಿಸಿದರು. ಆಕೆ ಏನೂ ಹೇಳದೆ ಮುಂದಿನವರ ಚೆಕ್ ಕೈಗೆ ತಗೊಂಡಳು.

ದಾರಿಯಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು: "ನನ್ನ ದುಡ್ಡಿನ ಲೆಕ್ಕ ಕೇಳೋಕೆ ಹೋದ್ರೆ, ನಾನೇ ಭಿಕ್ಷೆ ಬೇಡ್ತಿದೀನಿ ಅನ್ಸುತ್ತಲ್ಲಮ್ಮ."

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಮೂರು ಜನರ ಕೆಲಸವನ್ನು ಒಬ್ಬಳೇ ಮಾಡುತ್ತಿದ್ದಳು. ಆದರೆ ಅಪ್ಪನ ಆ ಮಾತು ಮನಸ್ಸಿನಲ್ಲೇ ಉಳಿಯಿತು. ಅಲ್ಲಿಂದ ಕೂತು ರಿಸರ್ವ್ ಬ್ಯಾಂಕಿನ ನಿಯಮಗಳನ್ನು ಒಂದೊಂದಾಗಿ ಓದಿದೆ. ಕಾಗದದ ದಾರಿ ಇನ್ನೂ ಮುಚ್ಚಿಲ್ಲ. ಅದನ್ನು ಬಾಯಿಮಾತಿನಲ್ಲಿ ಕೇಳಿದರೆ ಸಿಗುವುದು ಕಷ್ಟ, ಬರೆದು ಕೇಳಿದರೆ ಸಿಗುತ್ತದೆ. ನಾವು ಮಾಡಿದ್ದನ್ನೂ ಓದಿ ತಿಳಿದದ್ದನ್ನೂ ನಿಮ್ಮ ಮನೆಯ ಹಿರಿಯರಿಗೆ ಅನುಕೂಲವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮೊದಲು ಇಷ್ಟು ಗೊತ್ತಿರಲಿ

2017ರ ನವೆಂಬರ್ 9ರಂದು ರಿಸರ್ವ್ ಬ್ಯಾಂಕು ಹಿರಿಯ ನಾಗರಿಕರು ಮತ್ತು ಅಂಗವಿಕಲರಿಗಾಗಿ ಒಂದು ಸುತ್ತೋಲೆ ಹೊರಡಿಸಿತು. ಹಿರಿಯರಿಗೆ ಪ್ರತ್ಯೇಕ ಕೌಂಟರ್ ಇರಬೇಕು, ಇಲ್ಲವೇ ಇರುವ ಕೌಂಟರಿನಲ್ಲೇ ಮೊದಲ ಆದ್ಯತೆ ಕೊಡಬೇಕು. ಕೇಳಿದರೆ ವರ್ಷಕ್ಕೆ ಕನಿಷ್ಠ 25 ಚೆಕ್ ಹಾಳೆ ಉಚಿತವಾಗಿ ಕೊಡಬೇಕು, ಅದಕ್ಕಾಗಿ ಖುದ್ದಾಗಿ ಬನ್ನಿ ಎಂದು ಒತ್ತಾಯಿಸುವಂತಿಲ್ಲ. 70 ದಾಟಿದವರಿಗೆ ಮನೆ ಬಾಗಿಲಲ್ಲೇ ಸೇವೆ ಒದಗಿಸಲು ಪ್ರಯತ್ನಿಸಬೇಕು. ಇದೆಲ್ಲ ಅದರಲ್ಲಿದೆ.

ಇದಕ್ಕಿಂತ ಹೊಸದು ಇನ್ನೊಂದಿದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. 2026ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ, ಡಿಜಿಟಲ್ ಬ್ಯಾಂಕಿಂಗ್ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಗ್ರಾಹಕರೇ. ಡೆಬಿಟ್ ಕಾರ್ಡಿನಂಥ ಬೇರೆ ಸೌಲಭ್ಯ ಬೇಕಾದರೆ ಡಿಜಿಟಲ್ ಸೇವೆಯನ್ನೂ ತಗೊಳ್ಳಲೇಬೇಕು ಎಂದು ಬ್ಯಾಂಕು ಗಂಟು ಹಾಕುವಂತಿಲ್ಲ. "ಆ್ಯಪ್ ಇಲ್ಲದಿದ್ದರೆ ಆಗಲ್ಲ" ಎಂದು ಯಾರಾದರೂ ಅಂದರೆ ಜಗಳಕ್ಕೆ ಇಳಿಯಬೇಡಿ. "ಹಾಗಂತ ಬರೆದುಕೊಡಿ, ತಗೊಂಡು ಹೋಗ್ತೀನಿ" ಎಂದು ನಿಧಾನವಾಗಿ ಕೇಳಿ. ನಾವು ಕೇಳಿದಾಗ ಯಾರೂ ಬರೆದುಕೊಡಲಿಲ್ಲ, ಕುರ್ಚಿ ಕೊಟ್ಟು ಕೂರಿಸಿದರು.

ಭಾಷೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಣ ಕಟ್ಟುವ ಚಲನ್, ಖಾತೆ ತೆರೆಯುವ ಅರ್ಜಿ, ಪಾಸ್‌ಬುಕ್ ಎಲ್ಲವೂ ಹಿಂದಿ, ಇಂಗ್ಲಿಷ್ ಜೊತೆಗೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕು ಎಂಬುದು ಹಳೆಯ ನಿಯಮ. ಕನ್ನಡದ ಅರ್ಜಿ ಕೇಳುವುದು ನಿಮ್ಮ ಹಕ್ಕು. ಅರ್ಜಿಯ ಕಂತೆ ಮುಗಿದಿದ್ದರೆ ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಡಿ.

ಎರಡು ಪ್ರತಿ, ಒಂದು ಸೀಲು

ಯಾವ ಕೆಲಸವೇ ಇರಲಿ, ಬಾಯಲ್ಲಿ ಕೇಳುವ ಮೊದಲು ಒಂದು ಪತ್ರ ಬರೆಯಿರಿ. ಜೆರಾಕ್ಸ್ ಮಾಡಿಸಿ ಎರಡು ಪ್ರತಿ ತಗೊಂಡು ಹೋಗಿ. ಒಂದನ್ನು ಬ್ಯಾಂಕಿಗೆ ಕೊಟ್ಟು, ಇನ್ನೊಂದರ ಮೇಲೆ ಶಾಖೆಯ ಸೀಲು, ತಾರೀಖು, ಸಹಿ ಹಾಕಿಸಿಕೊಂಡು ಮನೆಗೆ ತನ್ನಿ. ಸೀಲಿಲ್ಲದ ಪತ್ರ ಮೇಜಿನ ಡ್ರಾಯರಿನಲ್ಲಿ ಕಳೆದುಹೋಗಬಹುದು. ಸೀಲು ಬಿದ್ದ ಪತ್ರಕ್ಕೆ ಯಾರಾದರೂ ಉತ್ತರ ಹೇಳಲೇಬೇಕಾಗುತ್ತದೆ.

ಕೆವೈಸಿಗೆ ಅಪ್ಪ ಕೊಟ್ಟ ಪತ್ರ ಹೀಗಿತ್ತು. ಮೇಷ್ಟ್ರಲ್ಲವೇ, ಎರಡು ಸಲ ತಿದ್ದಿ ಬರೆದರು:

"ಶಾಖಾ ವ್ಯವಸ್ಥಾಪಕರಿಗೆ,

ಮಾನ್ಯರೇ, ನನ್ನ ಉಳಿತಾಯ ಖಾತೆಯ ಕೆವೈಸಿ ನವೀಕರಣದ ಬಗ್ಗೆ ಈ ಪತ್ರ. ನನ್ನ ಹೆಸರು, ವಿಳಾಸ, ಗುರುತಿನ ದಾಖಲೆ ಯಾವುದರಲ್ಲೂ ಬದಲಾವಣೆ ಆಗಿಲ್ಲವೆಂದು ಈ ಮೂಲಕ ಘೋಷಿಸುತ್ತೇನೆ. ನಾನು ಹಿರಿಯ ನಾಗರಿಕ. ಮೊಬೈಲ್ ಆ್ಯಪ್ ಅಥವಾ ಇಂಟರ್‌ನೆಟ್ ಬ್ಯಾಂಕಿಂಗ್ ಬಳಸುವುದಿಲ್ಲ. ಈ ಘೋಷಣೆಯ ಆಧಾರದ ಮೇಲೆ ಕೆವೈಸಿ ನವೀಕರಿಸಿ, ಸ್ವೀಕೃತಿ ನೀಡಬೇಕಾಗಿ ಕೋರುತ್ತೇನೆ."

ಕೆಳಗೆ ಖಾತೆ ಸಂಖ್ಯೆ, ತಾರೀಖು, ಬ್ಯಾಂಕಿನಲ್ಲಿ ಇರುವಂತೆಯೇ ಸಹಿ. ಇಷ್ಟು ಸಾಕು. ವಿವರ ಯಾವುದೂ ಬದಲಾಗಿಲ್ಲದಿದ್ದರೆ ಗ್ರಾಹಕರ ಸ್ವಂತ ಘೋಷಣೆಯನ್ನೇ ಬ್ಯಾಂಕು ಒಪ್ಪಬೇಕೆಂದು ನಿಯಮ ಹೇಳುತ್ತದೆ, ಆ ಘೋಷಣೆಯನ್ನು ಪತ್ರದ ಮೂಲಕವೂ ಕೊಡಬಹುದು. ತಾರೀಖು ಹಾಕಿದ ಸ್ವೀಕೃತಿ ಕೊಡಬೇಕೆಂಬುದೂ ಅದೇ ನಿಯಮದಲ್ಲಿದೆ. ವಿಳಾಸ ಮಾತ್ರ ಬದಲಾಗಿದ್ದರೆ ಹೊಸ ವಿಳಾಸವನ್ನು ಘೋಷಿಸಿ ಕೊಡಬಹುದು, ಅದನ್ನು ಬ್ಯಾಂಕು ಎರಡು ತಿಂಗಳೊಳಗೆ ಪರಿಶೀಲಿಸಿಕೊಳ್ಳಬೇಕು. ಬ್ಯಾಂಕಿನಲ್ಲಿರುವ ದಾಖಲೆಯ ಅವಧಿ ಮುಗಿದಿದ್ದರೆ ಹೊಸ ಪ್ರತಿ ಬೇಕಾಗುತ್ತದೆ. ಆಗ ಮೂಲ ಆಧಾರ್ ಮತ್ತು ಅದರ ಜೆರಾಕ್ಸ್ ಎರಡೂ ಜೊತೆಯಲ್ಲಿರಲಿ.

ಸಹಿ ಹೊಂದುತ್ತಿಲ್ಲ ಎಂದು ವಾಪಸ್ ಕಳಿಸುವುದು ಹಿರಿಯರಿಗೆ ಆಗುವ ಇನ್ನೊಂದು ನೋವು. ಕೈ ನಡುಗುತ್ತದೆ, ಇಪ್ಪತ್ತು ವರ್ಷದ ಹಿಂದಿನ ಸಹಿ ಹಾಗೇ ಬರುವುದಾದರೂ ಹೇಗೆ? ವ್ಯವಸ್ಥಾಪಕರ ಎದುರಿಗೇ ಕೂತು, ಗುರುತಿನ ಚೀಟಿ ತೋರಿಸಿ, ಹೊಸ ಮಾದರಿ ಸಹಿ ದಾಖಲಿಸಿಕೊಳ್ಳಿ ಎಂದು ಪತ್ರ ಕೊಡಿ. ಸಹಿ ಹಾಕಲು ಆಗುವುದೇ ಇಲ್ಲ ಅನ್ನುವಷ್ಟು ಅಶಕ್ತರಿದ್ದರೆ ಹೆಬ್ಬೆಟ್ಟಿನ ಗುರುತು ಸಾಕು. ಅದನ್ನು ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು.

ಪಾಸ್‌ಬುಕ್, ಚೆಕ್

ಉಳಿತಾಯ ಖಾತೆ ಇರುವ ವ್ಯಕ್ತಿಗೆ ಪಾಸ್‌ಬುಕ್ ಸೌಲಭ್ಯ ಕೊಡಲೇಬೇಕು, ಅದಕ್ಕೆ ಶುಲ್ಕ ಹಾಕುವಂತಿಲ್ಲ. ಬಾರ್‌ಕೋಡ್ ಚೀಟಿ ಮಾಸಿದ್ದರೆ ಹೊಸದನ್ನು ಕೌಂಟರಿನಲ್ಲೇ ಅಂಟಿಸಿಕೊಡುತ್ತಾರೆ. ಅದರ ಮೇಲೆ ಪಾರದರ್ಶಕ ಟೇಪ್ ಹಚ್ಚಿದರೆ ಬೆಳಕು ಹೊಳೆದು ಮೆಷಿನ್ ಓದದೇ ಹೋಗಬಹುದು, ಹಚ್ಚಬೇಡಿ. ಪಾಸ್‌ಬುಕ್ಕನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಸಾಕು.

ದೊಡ್ಡ ಮೊತ್ತದ ಚೆಕ್ ಕೊಡುವವರು ಗಮನಿಸಬೇಕಾದ್ದು ಒಂದಿದೆ. 2021ರ ಜನವರಿಯಿಂದ 50,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಚೆಕ್‌ಗಳಿಗೆ ಪಾಸಿಟಿವ್ ಪೇ ಎಂಬ ವ್ಯವಸ್ಥೆ ಬಂದಿದೆ. ಚೆಕ್ ನಂಬರು, ತಾರೀಖು, ಯಾರಿಗೆ, ಎಷ್ಟು ಎಂಬುದನ್ನು ಬ್ಯಾಂಕಿಗೆ ಮೊದಲೇ ತಿಳಿಸಿಡಬೇಕು. 5 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟಿದ್ದರೆ ಇದನ್ನು ಕಡ್ಡಾಯ ಮಾಡುವ ಅಧಿಕಾರವೂ ಬ್ಯಾಂಕುಗಳಿಗಿದೆ. ಆ್ಯಪ್‌ನಲ್ಲೇ ತಿಳಿಸಿ ಅನ್ನುತ್ತಾರೆ, ಶಾಖೆಯಲ್ಲಿ ಬರೆದುಕೊಟ್ಟೂ ಮಾಡಿಸಬಹುದು. ಬಾಡಿಗೆ ಮನೆಯ ಅಡ್ವಾನ್ಸು, ಆಸ್ಪತ್ರೆಯ ಬಿಲ್ಲು ಇಂಥವಕ್ಕೆ ಚೆಕ್ ಬರೆದ ದಿನವೇ ಇದನ್ನೂ ಮುಗಿಸಿಬಿಡಿ.

ಹಳೆಯ ಬ್ಯಾಂಕಿನ ಹೆಸರಿನ ಚೆಕ್ ಪುಸ್ತಕ ಇನ್ನೂ ಬೀರುವಿನಲ್ಲಿದ್ದರೆ ಅದನ್ನು ಬಳಸಬೇಡಿ. ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಹೋದವು. ಕೆ.ಜಿ. ರಸ್ತೆಯ ವೃತ್ತವನ್ನು ನಾವು ಇವತ್ತಿಗೂ ಮೈಸೂರು ಬ್ಯಾಂಕ್ ಸರ್ಕಲ್ ಅನ್ನುತ್ತೇವೆ, ಬಸ್ ಕಂಡಕ್ಟರೂ ಹಾಗೇ ಕೂಗುತ್ತಾರೆ. ಆದರೆ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡು ಬದಲಾಗಿದೆ. ಡಿವಿಡೆಂಡ್, ವಿಮೆ, ಗ್ಯಾಸ್ ಸಬ್ಸಿಡಿ ಎಲ್ಲೆಲ್ಲಿ ಹಳೆಯ ಕೋಡು ಕೊಟ್ಟಿದ್ದೀರೋ ಒಮ್ಮೆ ನೋಡಿಕೊಳ್ಳಿ.

ಫೋನ್ ನಂಬರು ಯಾರದು?

ಆ್ಯಪ್ ಬೇಡ ಅಂದವರಿಗೂ ಇದೊಂದು ಬೇಕೇ ಬೇಕು. ಖಾತೆಗೆ ಜೋಡಿಸಿರುವ ಮೊಬೈಲ್ ನಂಬರು ಯಾರ ಕೈಯಲ್ಲಿದೆ ಎಂದು ಇವತ್ತೇ ನೋಡಿ. ನಮ್ಮ ಬೀದಿಯ ಅಜ್ಜಿಯೊಬ್ಬರ ಖಾತೆಗೆ ಮಗನ ನಂಬರು ಹಾಕಿದ್ದರು. ಮಗ ಅಮೆರಿಕಕ್ಕೆ ಹೋಗಿ ಎಂಟು ವರ್ಷ ಆಯಿತು, ಇಲ್ಲಿಯ ಸಿಮ್ ಯಾವಾಗಲೋ ಸತ್ತಿದೆ. ಖಾತೆಯಲ್ಲಿ ಏನು ನಡೆದರೂ ಅಜ್ಜಿಗೆ ಸುದ್ದಿ ಇಲ್ಲ. ಹಾಗೆ ಬಿಟ್ಟ ನಂಬರನ್ನು ಕಂಪನಿಗಳು ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತವೆ. ಅಂದರೆ ಅಜ್ಜಿಯ ಬ್ಯಾಂಕಿನ ಮೆಸೇಜು ಅಪರಿಚಿತರ ಫೋನಿಗೆ ಹೋಗಬಹುದು.

ಬಟನ್ ಫೋನೇ ಆಗಲಿ, ಅದು ಹಿರಿಯರದೇ ನಂಬರಾಗಿರಲಿ. ಶಾಖೆಯಲ್ಲಿ ಪತ್ರ ಕೊಟ್ಟು ಬದಲಿಸಿ. ಆಧಾರ್‌ಗೂ ಅದೇ ನಂಬರು ಇರಲಿ. ಬೆಂಗಳೂರು ಒನ್ ಕೇಂದ್ರಗಳಲ್ಲೂ ಕೆಲವು ಅಂಚೆ ಕಚೇರಿಗಳಲ್ಲೂ ಆಧಾರ್ ತಿದ್ದುಪಡಿ ಆಗುತ್ತದೆ.

ಬ್ಯಾಂಕೇ ಮನೆಗೆ ಬರುವುದು

70 ದಾಟಿದವರು, ಕಾಯಿಲೆಯಿಂದ ಓಡಾಡಲು ಆಗದವರು, ಅಂಗವಿಕಲರು ಈ ಸೌಲಭ್ಯ ಕೇಳಬಹುದು. ಹಣ ತಂದುಕೊಡುವುದು, ಹಣ ಮತ್ತು ಚೆಕ್ ತಗೊಂಡು ರಸೀದಿ ಕೊಡುವುದು, ಡಿಡಿ ತಲುಪಿಸುವುದು, ಕೆವೈಸಿ ಕಾಗದ ಮತ್ತು ಜೀವಿತ ಪ್ರಮಾಣಪತ್ರ ಪಡೆಯುವುದು ಇದರಲ್ಲಿ ಸೇರಿವೆ. ಎಲ್ಲ ಶಾಖೆಗಳಲ್ಲೂ ಇರುವುದಿಲ್ಲ. ಯಾವ ಶಾಖೆಯಲ್ಲಿದೆ, ಒಂದು ಸಲಕ್ಕೆ ಶುಲ್ಕ ಎಷ್ಟು ಎಂದು ಕೇಳಿ, ಹೆಸರು ನೋಂದಾಯಿಸಿಟ್ಟುಕೊಳ್ಳಿ. ಕಾಲು ಮುರಿದ ದಿನ ಹುಡುಕುವುದಕ್ಕಿಂತ ನಡೆದಾಡುವಾಗಲೇ ನೋಂದಾಯಿಸುವುದು ಸುಲಭ.

ಒಂದು ಎಚ್ಚರಿಕೆ. ನೀವು ಕರೆಯದೆ ಯಾರೂ ಬರುವುದಿಲ್ಲ. "ಬ್ಯಾಂಕಿನಿಂದ ಬಂದಿದೀವಿ" ಎಂದು ತಾವಾಗಿಯೇ ಬಾಗಿಲು ತಟ್ಟಿದವರನ್ನು ಹೊರಗೇ ನಿಲ್ಲಿಸಿ, ಶಾಖೆಗೆ ಫೋನ್ ಮಾಡಿ ಕೇಳಿ.

ಪಿಂಚಣಿದಾರರಿಗೆ

ಜೀವಿತ ಪ್ರಮಾಣಪತ್ರ ಕೊಡುವ ತಿಂಗಳು ನವೆಂಬರ್. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ನಿಮ್ಮ ಪಿಂಚಣಿ ಬರುವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಕಾಗದದಲ್ಲೇ ಕೊಟ್ಟು ಸಹಿ ಹಾಕಿದ ಸ್ವೀಕೃತಿ ಪಡೆಯಬಹುದು. ಮಗಳ ಮನೆಗೆಂದು ಬೆಂಗಳೂರಿಗೆ ಬಂದ ಶಿವಮೊಗ್ಗದವರು ಇದಕ್ಕಾಗಿ ಊರಿಗೆ ಓಡಬೇಕಿಲ್ಲ. ಡಿಜಿಟಲ್ ಪ್ರಮಾಣಪತ್ರ ಮಾಡಿಸುವಾಗ ಬೆರಳಚ್ಚು ಸವೆದು ಮೆಷಿನ್ ಹಿಡಿಯುತ್ತಿಲ್ಲವಾದರೆ 2021ರಿಂದ ಮುಖ ಗುರುತಿಸುವ ವಿಧಾನವೂ ಬಂದಿದೆ. ಮನೆಯಿಂದ ಹೊರಗೆ ಬರಲಾಗದವರು ಅಂಚೆ ಕಚೇರಿಗೆ ತಿಳಿಸಿದರೆ ಪೋಸ್ಟ್‌ಮ್ಯಾನ್ ಬಂದು 70 ರೂಪಾಯಿಗೆ ಡಿಜಿಟಲ್ ಪ್ರಮಾಣಪತ್ರ ಮಾಡಿಕೊಡುತ್ತಾರೆ. ಅಪ್ಪನ ಸ್ನೇಹಿತರೊಬ್ಬರಿಗೆ ಹೀಗೇ ಆಯಿತು. ಪೋಸ್ಟ್‌ಮ್ಯಾನ್ ಫೋನ್ ಹಿಡಿದು "ಕಣ್ಣು ಮಿಟುಕಿಸಿ ಅಜ್ಜಾ" ಅಂದರಂತೆ. ಅದನ್ನು ಅವರು ಒಂದು ವಾರ ಎಲ್ಲರಿಗೂ ಹೇಳಿಕೊಂಡು ನಕ್ಕರು.

ಸ್ವಲ್ಪ ಮಟ್ಟಿಗೆ ಫೋನ್ ಬಳಸುತ್ತೇನೆ ಅನ್ನುವವರಿಗೆ

ಇದು ನಿಮ್ಮ ಇಷ್ಟ. ಗಾಂಧಿಬಜಾರಿನಲ್ಲಿ ಹೂವು ಮಾರುವವರ ಹತ್ತಿರವೂ ಕ್ಯೂಆರ್ ಹಲಗೆ ಇರುವಾಗ ನಮಗೂ ಬರಲಿ ಅನ್ನಿಸುವುದು ಸಹಜ. ನನ್ನ ಸಲಹೆ ಒಂದೇ: ಪಿಂಚಣಿ, ಠೇವಣಿ ಇರುವ ಖಾತೆಯನ್ನು ಫೋನಿಗೆ ಜೋಡಿಸಬೇಡಿ. ಇನ್ನೊಂದು ಚಿಕ್ಕ ಉಳಿತಾಯ ಖಾತೆ ತೆರೆದು, ಅದರಲ್ಲಿ ನಾಲ್ಕೈದು ಸಾವಿರ ಇಟ್ಟು, ಯುಪಿಐಗೆ ಅದನ್ನಷ್ಟೇ ಕೊಡಿ. ಕನಿಷ್ಠ ಬಾಕಿ ಇರಬೇಕಾ ಎಂದು ಮೊದಲೇ ಕೇಳಿಕೊಳ್ಳಿ. ಎಡವಿದರೂ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ, ಮನಸ್ಸಿಗೂ ಧೈರ್ಯ.

ಮಕ್ಕಳು ಒಪ್ಪಿದರೆ ಯುಪಿಐ ಸರ್ಕಲ್ ಎಂಬುದಿದೆ. ಮಗಳ ಖಾತೆಯಿಂದ ಅಮ್ಮ ತನ್ನ ಫೋನಿನಲ್ಲೇ ಪಾವತಿ ಮಾಡಬಹುದು. ಪ್ರತಿ ಪಾವತಿಗೂ ಮಗಳ ಒಪ್ಪಿಗೆ ಬೇಕು ಎಂದಿಡಬಹುದು, ಇಲ್ಲವೇ ತಿಂಗಳಿಗೆ ಹೆಚ್ಚೆಂದರೆ 15,000 ರೂಪಾಯಿಯವರೆಗೆ ಮಿತಿ ಹಾಕಿ ಬಿಡಬಹುದು. ಅಪ್ಪನಿಗೆ ಇದು ಹಿಡಿಸಲಿಲ್ಲ, "ನಿನ್ನ ದುಡ್ಡಲ್ಲಿ ನಾನ್ಯಾಕೆ ತರಕಾರಿ ತರಲಿ" ಅಂದರು. ಅಮ್ಮ ಸಂತೋಷವಾಗಿ ಬಳಸುತ್ತಿದ್ದಾರೆ.

ಡೆಬಿಟ್ ಕಾರ್ಡಿನಲ್ಲಿ ಆನ್‌ಲೈನ್ ಖರೀದಿ, ವಿದೇಶಿ ವಹಿವಾಟು, ಮುಟ್ಟಿಸಿ ಪಾವತಿ ಇವುಗಳನ್ನು ಬೇರೆಬೇರೆಯಾಗಿ ಬಂದ್ ಮಾಡಿಸಬಹುದು. ಎಟಿಎಂನಿಂದ ಹಣ ತೆಗೆಯುವುದಷ್ಟೇ ನಿಮ್ಮ ಬಳಕೆಯಾದರೆ ಉಳಿದ ಮೂರನ್ನೂ ಮುಚ್ಚಿಸಿ.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಕಾರ್ಡಿನ ಹಿಂಬದಿ ಅಥವಾ ಪಾಸ್‌ಬುಕ್ ಮೇಲಿರುವ ನಂಬರಿಗೆ ಮಾತ್ರ ಕರೆ ಮಾಡಿ. ಬ್ಯಾಂಕಿನ ವೆಬ್‌ಸೈಟ್ ವಿಳಾಸ "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಮುಗಿಯುತ್ತದೆಯೇ ನೋಡಿ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಆ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ಹೇಳಿತ್ತು.

"ಇವತ್ತು ರಾತ್ರಿಯೊಳಗೆ ಕೆವೈಸಿ ಮಾಡದಿದ್ದರೆ ಖಾತೆ ಬಂದ್" ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವುದೆಲ್ಲ ಮೋಸ. ನಿಜವಾದ ಕೆವೈಸಿ ಸೂಚನೆ ಹಾಗೆ ಬರುವುದಿಲ್ಲ. 2025ರ ಜೂನ್‌ನಲ್ಲಿ ಬಂದ ನಿಯಮದ ಪ್ರಕಾರ ಗಡುವಿಗೆ ಮೊದಲು ಕನಿಷ್ಠ ಮೂರು ಸಲ ತಿಳಿಸಬೇಕು, ಅದರಲ್ಲಿ ಒಂದು ಸಲ ಅಂಚೆಯ ಪತ್ರವೇ ಆಗಿರಬೇಕು. ಗಡುವು ಮೀರಿದ ಮೇಲೂ ಹಾಗೇ ಮೂರು ನೆನಪೋಲೆ. ಆದ್ದರಿಂದ ಮೆಸೇಜಿನ ಲಿಂಕ್ ಒತ್ತಬೇಡಿ, ಕಳಿಸಿದ ಫೈಲ್ ತೆರೆಯಬೇಡಿ, ಪಾಸ್‌ಬುಕ್ ಹಿಡಿದು ಶಾಖೆಗೆ ನಡೆಯಿರಿ. ಬೆಸ್ಕಾಂ ಹೆಸರಿನಲ್ಲಿ "ರಾತ್ರಿ ಕರೆಂಟ್ ಕಟ್" ಎಂದು ಬರುವುದೂ ಇದೇ ಜಾತಿ. ಪೊಲೀಸರ ವೇಷದಲ್ಲಿ ವಿಡಿಯೊ ಕಾಲ್ ಮಾಡಿ "ಡಿಜಿಟಲ್ ಅರೆಸ್ಟ್" ಅಂದರೆ ಫೋನ್ ಇಡಿ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ.

ಹಣ ಹೋಗಿಬಿಟ್ಟರೆ ನಾಚಿಕೆಯಿಂದ ಮುಚ್ಚಿಡಬೇಡಿ. ಮಕ್ಕಳು ಬೈಯುತ್ತಾರೆ ಎಂದು ಎರಡು ದಿನ ಸುಮ್ಮನಿದ್ದು ಎಲ್ಲ ಕಳೆದುಕೊಂಡವರನ್ನು ನೋಡಿದ್ದೇನೆ. ಮಕ್ಕಳೇ, ದಯವಿಟ್ಟು ಬೈಯಬೇಡಿ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಕೂಡಲೇ ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೇಗ ಹೇಳಿದಷ್ಟೂ ಹಣ ಕೈದಾಟುವ ಮೊದಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮಕ್ಕಳ ಕೈಗೆ ಪಿನ್ ಕೊಡುವ ಬದಲು

ಎಟಿಎಂ ಕಾರ್ಡು, ಪಿನ್ ಎರಡನ್ನೂ ಮಗನ ಕೈಗೋ ಕೆಲಸದವರ ಕೈಗೋ ಕೊಟ್ಟು ಕಳಿಸುವುದು ನಮ್ಮಲ್ಲಿ ಸಾಮಾನ್ಯ. ಅದನ್ನು ಬಿಡಿ. ಗಂಡ ಹೆಂಡತಿಯ ಖಾತೆಯನ್ನು "ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು" ಎಂಬ ಜಂಟಿ ಖಾತೆ ಮಾಡಿಸಿ. ನಂಬಿಕೆಯ ಮಗಳೋ ಮಗನೋ ಇದ್ದರೆ ಖಾತೆ ನಡೆಸುವ ಅಧಿಕಾರವನ್ನು ಬರಹದಲ್ಲಿ ಕೊಡಿ, ಬೇಡ ಅನ್ನಿಸಿದ ದಿನ ಅದನ್ನು ಬರಹದಲ್ಲೇ ವಾಪಸ್ ತಗೊಳ್ಳಬಹುದು. ನಾಮಿನಿ ಹೆಸರು ಇದೆಯೇ ಎಂದು ನೋಡಿ. 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು.

ಕೆಲಸ ಆಗದಿದ್ದರೆ

ಸೀಲು ಹಾಕಿಸಿದ ಪತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದರ ಆಧಾರದ ಮೇಲೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. ದೂರುಗಳನ್ನು ನೋಡಿಕೊಳ್ಳುವ ಅಧಿಕಾರಿಯ ಹೆಸರು, ವಿಳಾಸ ಶಾಖೆಯ ಗೋಡೆಯ ಮೇಲೆ ಹಾಕಿರಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳಿ ತೀರ್ಮಾನಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಒಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಇಂಟರ್‌ನೆಟ್ಟೂ ಬೇಕಿಲ್ಲ: ರಿಸರ್ವ್ ಬ್ಯಾಂಕಿನ ಕೇಂದ್ರೀಕೃತ ದೂರು ಸ್ವೀಕಾರ ಕೇಂದ್ರ, 4ನೇ ಮಹಡಿ, ಸೆಕ್ಟರ್ 17, ಚಂಡೀಗಢ 160017 ಎಂಬ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದರೆ ಸಾಕು. ಬ್ಯಾಂಕಿಗೆ ಕೊಟ್ಟ ದೂರಿನ ಪ್ರತಿ ಜೊತೆಗಿರಲಿ, ಸ್ಪೀಡ್ ಪೋಸ್ಟ್ ರಸೀದಿ ಕಾಪಾಡಿಕೊಳ್ಳಿ. ಹೇಗೆ ಬರೆಯಬೇಕೆಂದು ಕೇಳಲು 14448ಕ್ಕೆ ಕರೆ ಮಾಡಬಹುದು. ಅಪ್ಪನ ವಿಷಯದಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಪತ್ರಕ್ಕೆ ಸೀಲು ಬಿದ್ದು ಹನ್ನೊಂದನೇ ದಿನ ಕೆವೈಸಿ ಆಯಿತೆಂದು ಬಟನ್ ಫೋನಿಗೆ ಮೆಸೇಜು ಬಂತು.

ಈಗ ನಮ್ಮ ಮನೆಯ ಲ್ಯಾಂಡ್‌ಲೈನ್ ಪಕ್ಕದ ಗೋಡೆಯ ಮೇಲೆ ಒಂದು ರಟ್ಟು ತೂಗುತ್ತಿದೆ. ಅಪ್ಪನೇ ಕರಿ ಸ್ಕೆಚ್ ಪೆನ್ನಿನಲ್ಲಿ, ಬೋರ್ಡಿನ ಮೇಲೆ ಬರೆಯುತ್ತಿದ್ದಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಮೊದಲು ಶಾಖೆಯ ನಂಬರು, ಆಮೇಲೆ ಕಾರ್ಡ್ ಬ್ಲಾಕ್ ಮಾಡಿಸುವ ನಂಬರು. ಹಣ ಹೋದರೆ 1930. ಬ್ಯಾಂಕಿನ ದೂರಿಗೆ 14448. ಬೆಂಗಳೂರಿನ ಹಿರಿಯ ನಾಗರಿಕರ ಸಹಾಯವಾಣಿ 1090. ಕೊನೆಯ ಸಾಲಿನಲ್ಲಿ ನನ್ನ ನಂಬರು, ಅದರ ಮುಂದೆ "ಮೊದಲು ಇವಳಿಗೆ" ಎಂದು ಬರೆದು ಅಡಿಗೆರೆ ಎಳೆದಿದ್ದಾರೆ.